ಆಂಟಿಬಯೋಟಿಕ್ ಡೋಸ್ ಜಾಸ್ತಿ ಬರೆದುಕೊಟ್ಟಾಗ ಏನು ಮಾಡಬೇಕು?

ಹೋದ ಸಲದ್ದೇ ಔಷಧಿ, ಆದರೆ ಈ ಸಲ ಡೋಸ್ ಎರಡರಷ್ಟು. ಚೀಟಿ ನೋಡಿ ಹೆದರಿಕೆ ಆಗುತ್ತದೆ, ಅಲ್ವಾ? ಹಾಗಂತ ನೀವೇ ಅರ್ಧ ಮಾಡಿ ನುಂಗಬೇಡಿ. ಯಾಕೆ ಇಷ್ಟು ಅಂತ ಡಾಕ್ಟರನ್ನೇ ಕೇಳಿ.

ಎಷ್ಟೋ ಸಲ ಕಾರಣ ಸೋಂಕು ಇರುವ ಜಾಗ. ಔಷಧಿ ರಕ್ತದ ಜೊತೆ ಹರಿದು ಹೋಗುತ್ತದೆ ನಿಜ, ಆದರೆ ಮೂಳೆಗೆ, ಹೃದಯದ ಕವಾಟಕ್ಕೆ, ಮಿದುಳಿನ ಪೊರೆಗೆ ಇಳಿಯುವುದು ಸ್ವಲ್ಪವೇ. ದೊಡ್ಡವರಿಗೆ ನ್ಯುಮೋನಿಯಾ ಆದರೆ ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯೋಟಿಕ್ ಸಾಮಾನ್ಯವಾಗಿ ದಿನಕ್ಕೆ 1ರಿಂದ 2 ಗ್ರಾಂ. ಅದೇ ಮಿದುಳಿನ ಪೊರೆಗೆ ಸೋಂಕು ತಗುಲಿದರೆ 12 ಗಂಟೆಗೊಮ್ಮೆ 2 ಗ್ರಾಂ ಕೊಡುತ್ತಾರೆ.

ಇನ್ನೊಂದು ಕಾರಣ ಬ್ಯಾಕ್ಟೀರಿಯಾ. ಮಕ್ಕಳ ಕಿವಿ ಸೋಂಕಿಗೆ ಅಮಾಕ್ಸಿಸಿಲಿನ್ ಎಷ್ಟೋ ಕಡೆ ಕಿಲೋ ತೂಕಕ್ಕೆ ದಿನಕ್ಕೆ 80–90 ಮಿ.ಗ್ರಾಂ ಲೆಕ್ಕದಲ್ಲಿ ಬರೆಯುತ್ತಾರೆ, ಅಂದರೆ ಹಳೆಯ 40–45ರ ಎರಡರಷ್ಟು. ಕಿವಿ ಸೋಂಕು ತರುವ ನ್ಯುಮೋಕಾಕಸ್ ಅನ್ನುವ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಔಷಧಿ ಅಂಟಿಕೊಳ್ಳುವ ಜಾಗವನ್ನೇ ಬದಲಿಸಿಕೊಂಡಿವೆ. ಹಿಡಿತ ಸಡಿಲ, ಹಾಗಾಗಿ ಜಾಸ್ತಿ ಬೇಕು. ಆದರೆ ಔಷಧಿಯನ್ನೇ ಒಡೆದುಹಾಕುವ ಕಿಣ್ವ ತಯಾರಿಸುವ ಬ್ಯಾಕ್ಟೀರಿಯಾ ಆದರೆ ಡೋಸ್ ಏರಿಸಿದರೂ ಹೆಚ್ಚಿನ ಪ್ರಯೋಜನ ಇಲ್ಲ, ಔಷಧಿಯನ್ನೇ ಬದಲಿಸಬೇಕು. ಕೀವು ಗಟ್ಟಿಯಾಗಿ ತುಂಬಿಕೊಂಡಿದ್ದರೆ ಅದನ್ನು ತೆಗೆಸಬೇಕು. ವೈರಸ್ ನೆಗಡಿಗೆ ಎಷ್ಟು ನುಂಗಿದರೂ ವ್ಯರ್ಥ.

ಚೀಟಿ ಬರೆಸುವಾಗಲೇ ಕಿಡ್ನಿ ತೊಂದರೆ, ಅಲರ್ಜಿ, ಗರ್ಭ, ಬೇರೆ ಮಾತ್ರೆ ಎಲ್ಲಾ ಹೇಳಿಬಿಡಿ. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ಎಷ್ಟೋ ಔಷಧಿ ಮೈಯಲ್ಲೇ ಉಳಿಯುತ್ತದೆ, ಆಗ ಡೋಸ್ ಇಳಿಸಬೇಕಾಗಬಹುದು. ಮಗುವಿನ ತೂಕ ಅಂದಾಜಿನಲ್ಲಿ ಹೇಳಬೇಡಿ, ಅಲ್ಲೇ ತೂಗಿಸಿ.

ಸಿರಪ್ ತಂದ ಮೇಲೆ ಬಾಟಲಿಯ ಲೇಬಲ್ ಓದಿ, ಇದಂತೂ ತುಂಬಾ ಮುಖ್ಯ. ಒಂದರಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ ಇರುತ್ತದೆ, ಪಕ್ಕದ ಬಾಟಲಿಯಲ್ಲಿ ಅದೇ 5 ಮಿ.ಲೀ.ಗೆ 250. ಹಳೇ ಅಳತೆಯಲ್ಲೇ ಕುಡಿಸಿದರೆ ಡೋಸ್ ಪೂರ್ತಿ ತಪ್ಪುತ್ತದೆ. ಅಡುಗೆಮನೆಯ ಚಮಚ ಬೇಡ, ಗೆರೆ ಹಾಕಿದ ಸಿರಿಂಜ್‌ನಲ್ಲೇ ಅಳೆಯಿರಿ.

ಎಂಟು ಗಂಟೆಗೊಮ್ಮೆ ಅಂದರೆ ಎಂಟು ಗಂಟೆಗೊಮ್ಮೆಯೇ. ಪೆನಿಸಿಲಿನ್ ಜಾತಿಯ ಔಷಧಿ ರಕ್ತದಲ್ಲಿ ಎಷ್ಟು ಹೊತ್ತು ಸಾಕಷ್ಟು ಇರುತ್ತದೆ ಅನ್ನುವುದರ ಮೇಲೆ ಅದರ ಕೆಲಸ ನಿಂತಿದೆ. ಒಂದು ಸಲ ಮರೆತರೆ ಮುಂದಿನ ಸಲ ಎರಡು ನುಂಗಬೇಡಿ.

ಮೈಮೇಲೆ ದದ್ದು ಎದ್ದರೆ, ಭೇದಿ ಜೋರಾದರೆ ಫೋನ್ ಮಾಡಿ ಕೇಳಿ. ಮುಖ ಊದಿದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಎರಡು ಮೂರು ದಿನಕ್ಕೂ ಕಡಿಮೆಯಾಗದಿದ್ದರೆ ನೀವೇ ಇನ್ನೊಂದು ಮಾತ್ರೆ ಸೇರಿಸದೆ ಮತ್ತೆ ತೋರಿಸಿ, ಕಲ್ಚರ್ ಪರೀಕ್ಷೆ (ಯಾವ ಬ್ಯಾಕ್ಟೀರಿಯಾ ಅಂತ ಲ್ಯಾಬಿನಲ್ಲಿ ಬೆಳೆಸಿ ನೋಡುವುದು) ಬೇಕಾ ಅಂತ ಕೇಳಿ.