ಟಿ-34 ಮಾಡೆಲ್‌ನ ಚೈನು ಜೋತುಬೀಳುವಂತೆ ಮಾಡಿದ ಬಗೆ

1/72 ಅಳತೆಯ ಟಿ-34/85 ಎಂಬ ಸೋವಿಯತ್ ಟ್ಯಾಂಕಿನ ಪ್ಲಾಸ್ಟಿಕ್ ಮಾಡೆಲ್ ಕಿಟ್‌ನಲ್ಲಿ ನನ್ನನ್ನು ಸತಾಯಿಸಿದ್ದು ಅದರ ಚೈನು. ಮೆತ್ತನೆಯ ರಬ್ಬರಿನಂಥ ಪಟ್ಟಿ. ಚಕ್ರಗಳಿಗೆ ಸುತ್ತಿದರೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು. ನಿಜವಾದ ಟಿ-34ರಲ್ಲಿ ಮೇಲಿನ ಚೈನನ್ನು ಹೊರಲು ಸಣ್ಣ ರೋಲರ್‌ಗಳೇ ಇಲ್ಲ. ಒಂದೊಂದು ಬದಿಗಿರುವ 5 ದೊಡ್ಡ ಚಕ್ರಗಳ ನೆತ್ತಿಯ ಮೇಲೇ ಅದು ತನ್ನ ಭಾರಕ್ಕೆ ಜೋತು ಕೂರುತ್ತದೆ. 1944ರಲ್ಲಿ ಯುದ್ಧಕ್ಕಿಳಿದ ಈ 85 ಮಿ.ಮೀ. ತೋಪಿನ ಟ್ಯಾಂಕಿಗೆ ಆ ಜೋಲು ಇಲ್ಲದಿದ್ದರೆ ಅದು ಆಟಿಕೆಯಂತೆಯೇ ಕಾಣುತ್ತದೆ, ನನ್ನ ಮಟ್ಟಿಗಂತೂ.

ಪ್ಲಾಸ್ಟಿಕ್ ಸಿಮೆಂಟ್ ಹಿಡಿಯಲಿಲ್ಲ. ಅದು ಪಾಲಿಸ್ಟೈರೀನ್ ಎಂಬ ಕಿಟ್‌ನ ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ಅಂಟು; ಈ ಪಟ್ಟಿ ಕರಗುವ ಜಾತಿಯದ್ದಲ್ಲ. ಸೂಪರ್ ಗ್ಲೂ ಹಾಕಿದರೂ ಬಿಗಿತಕ್ಕೆ ಕಿತ್ತು ಬರುತ್ತಿತ್ತು.

ಹಾಗಾಗಿ ಮೊದಲು ಬಿಗಿತವನ್ನೇ ಕಡಿಮೆ ಮಾಡಿದೆ. ಮುಂದಿನ ಐಡ್ಲರ್ ಚಕ್ರದ (ಎಂಜಿನ್ ತಿರುಗಿಸದ, ಚೈನು ಸುತ್ತಿ ಬರುವ ಮುಂತುದಿಯ ಚಕ್ರ) ಗೂಟ ಕತ್ತರಿಸಿ, ಚಕ್ರವನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ ಅಂಟಿಸಿದೆ. ಅಸಲಿ ಟ್ಯಾಂಕಿನಲ್ಲೂ ಚೈನಿನ ಬಿಗಿ ಹೊಂದಿಸುವುದು ಈ ಚಕ್ರ ಸರಿಸಿಯೇ. ಆಮೇಲೆ ಎರಡೆರಡು ಚಕ್ರಗಳ ನಡುವೆ, ಚೈನಿಗೆ ತುಸು ಮೇಲೆ, ಒಡಲಿನ ಪಕ್ಕಕ್ಕೆ 0.5 ಮಿ.ಮೀ. ತೂತು ಕೊರೆದು ತಾಮ್ರದ ತಂತಿಯ ತುಂಡು ಸಿಕ್ಕಿಸಿದೆ. ತಂತಿ ಚೈನನ್ನು ಕೆಳಕ್ಕೆ ಒತ್ತಿ ಹಿಡಿಯಿತು, ಜೋಲು ಚೆನ್ನಾಗಿ ಬಂತು! ತಂತಿಯನ್ನು ಚೈನಿನ ಅಂಚಿಗಿಂತ ಗಿಡ್ಡ ಕತ್ತರಿಸಿ ಕಪ್ಪು ಬಳಿದರೆ ಮಡ್‌ಗಾರ್ಡ್‌ನ ನೆರಳಲ್ಲಿ ಗೊತ್ತೇ ಆಗುವುದಿಲ್ಲ.

ಚೈನಿಗೆ ಬಣ್ಣ ಹಚ್ಚುವ ಮುಂಚೆ ಪಾತ್ರೆ ಸೋಪಿನಲ್ಲಿ ಉಜ್ಜಿ ತೊಳೆದು ಒಣಗಿಸಿ. ಜಿಡ್ಡು ಉಳಿದರೆ ಬಣ್ಣ ಚಕ್ಕೆ ಏಳುತ್ತದೆ.