ಫ್ಯಾಕ್ಟರಿ ಕೆಲಸ ಹೋದ ಮೇಲೆ ಸರ್ಕಾರಿ ತರಬೇತಿ ಹಿಡಿಯೋದು ಹೇಗೆ?

ಪೀಣ್ಯ, ಬೊಮ್ಮಸಂದ್ರ, ದಾಬಸ್‌ಪೇಟೆ ಕಡೆ ಫ್ಯಾಕ್ಟರಿ ಕೆಲಸ ಮಾಡಿಕೊಂಡಿದ್ದು ಈಗ ಮನೆಯಲ್ಲಿ ಕೂತವರಿಗೆ, ಇಲ್ಲಾ ಇನ್ನೇನು ಕೆಲಸ ಹೋಗುತ್ತದೆ ಅನ್ನೋ ಸೂಚನೆ ಸಿಕ್ಕಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಅಕ್ಕ ತಂಗಿಯರಿಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಸರ್ಕಾರದ ದುಡ್ಡಿನಲ್ಲಿ ನಡೆಯುವ ತರಬೇತಿಗೆ ನಮ್ಮಲ್ಲಿ ಬರ ಇಲ್ಲ. ಆದರೆ ಕೆಲಸ ಹೋದ ಗಾಬರಿಯಲ್ಲಿ ಯಾವ ಬ್ಯಾಚ್‌ನಲ್ಲಿ ಸೀಟು ಖಾಲಿ ಇದೆಯೋ ಅದಕ್ಕೆ ಸೇರಿಬಿಡುತ್ತೇವೆ, ಎರಡು ಮೂರು ತಿಂಗಳು ಓಡಾಡುತ್ತೇವೆ, ಕೊನೆಗೆ ಕೈಯಲ್ಲಿ ಸರ್ಟಿಫಿಕೇಟ್ ಇರುತ್ತದೆ, ಕೆಲಸ ಮಾತ್ರ ಇರುವುದಿಲ್ಲ. ಅದಕ್ಕೇ ನಾನು ಹೇಳುವ ಕ್ರಮ ಬೇರೆ. ಮೊದಲು ನಿಮಗೆ ಬರಬೇಕಾದ ಹಣ, ಆಮೇಲೆ ಕೆಲಸ ಎಲ್ಲಿದೆ ಅಂತ ನೋಡೋದು, ತರಬೇತಿ ಅದಾದ ಮೇಲೆ.

ಸಹಿ ಹಾಕುವ ಮುಂಚೆ

ಆಳು ಕಡಿಮೆ ಮಾಡುವಾಗ ಎಚ್‌ಆರ್‌ನವರು ಎಷ್ಟೋ ಕಡೆ ಒಂದು ಹಾಳೆ ಮುಂದಿಟ್ಟು ‘ಇಲ್ಲಿ ಸಹಿ ಮಾಡಿ, ಸೆಟಲ್‌ಮೆಂಟ್ ಬೇಗ ಆಗುತ್ತೆ’ ಅನ್ನುತ್ತಾರೆ. ಅದು ರಾಜೀನಾಮೆ ಪತ್ರವೋ ಅಲ್ಲವೋ ಓದಿ ನೋಡಿ. ಓದಲು ಬರದ ಭಾಷೆಯಲ್ಲಿದ್ದರೆ ಫೋಟೋ ತೆಗೆದುಕೊಂಡು ನಾಳೆ ಬರುತ್ತೇನೆ ಅನ್ನಿ, ತಪ್ಪೇನಿಲ್ಲ. ನೀವಾಗಿ ಬಿಟ್ಟಿರಿ ಅಂತ ಬರೆದುಕೊಟ್ಟರೆ ಒಂದರ ಹಿಂದೆ ಒಂದು ಹಕ್ಕು ಕೈಬಿಡುತ್ತದೆ.

ಕಂಪನಿಯೇ ತೆಗೆದರೆ, ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕರಿಗೆ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಸಂಬಳ, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರವಾಗಿ ಕೊಡಬೇಕು. ಇದು ಹಳೆಯ ಕಾನೂನಿನಲ್ಲೂ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಇನ್ನೊಂದು ಸೇರಿದೆ, ಅದು ಮರುಕೌಶಲ್ಯ ನಿಧಿ. ಕೆಲಸದಿಂದ ತೆಗೆದ ಪ್ರತಿ ಕಾರ್ಮಿಕನ ಹೆಸರಿನಲ್ಲಿ ಕಂಪನಿ 15 ದಿನದ ಕೊನೆಯ ವೇತನದಷ್ಟು ಹಣ ಈ ನಿಧಿಗೆ ಕಟ್ಟಬೇಕು, ಅದು 45 ದಿನದೊಳಗೆ ಕಾರ್ಮಿಕನ ಖಾತೆಗೆ ಬರಬೇಕು. ಪರಿಹಾರ ಬೇರೆ, ಇದು ಬೇರೆ. ಹೊಸ ಕೆಲಸ ಕಲಿಯಲಿ ಅಂತಲೇ ಇಟ್ಟಿರುವ ಹಣ ಇದು. ಸೆಟಲ್‌ಮೆಂಟ್ ಲೆಕ್ಕ ಕೊಟ್ಟಾಗ ಇದನ್ನು ಬಾಯಿಬಿಟ್ಟು ಕೇಳಿ. ಕೊಡದಿದ್ದರೆ ಕಾರ್ಮಿಕ ಇಲಾಖೆ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ, ಒಬ್ಬರೇ ಹೋಗುವ ಬದಲು ಜೊತೆಗೆ ಕೆಲಸ ಕಳೆದುಕೊಂಡವರೆಲ್ಲ ಒಟ್ಟಿಗೆ ಹೋಗಿ.

ಕೆಲಸದ ಅನುಭವ ಪತ್ರ, ಕೊನೆಯ ತಿಂಗಳುಗಳ ಸಂಬಳದ ಚೀಟಿ, ಪಿಎಫ್‌ನ ಯುಎಎನ್ ನಂಬರ್, ಇಎಸ್‌ಐ ನಂಬರ್ ಇವೆಲ್ಲ ಗೇಟಿನಿಂದ ಹೊರಬರುವ ಮುಂಚೆಯೇ ಕೈಯಲ್ಲಿರಲಿ. ಆಧಾರ್‌ನಲ್ಲಿರುವ ಹೆಸರು, ಪಿಎಫ್‌ನಲ್ಲಿರುವ ಹೆಸರು, ಬ್ಯಾಂಕಿನಲ್ಲಿರುವ ಹೆಸರು ಒಂದೇ ಇದೆಯಾ ಅಂತಲೂ ನೋಡಿಕೊಳ್ಳಿ.

ಇಎಸ್‌ಐ ಹಣ ಮರೆಯಬೇಡಿ

ಸಂಬಳದಲ್ಲಿ ಇಎಸ್‌ಐ ಕಟ್ ಆಗುತ್ತಿತ್ತಲ್ವಾ? ಅದು ಬರೀ ಆಸ್ಪತ್ರೆಗೆ ಅಂದುಕೊಂಡವರೇ ಜಾಸ್ತಿ. ಕೆಲಸ ಹೋದಾಗ ಭತ್ಯೆಯೂ ಇದೆ. 2018ರಲ್ಲಿ ಶುರುವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಜೀವನದಲ್ಲಿ ಒಂದು ಸಲ, 90 ದಿನದವರೆಗೆ ಹಣ ಸಿಗುತ್ತದೆ. ಮೊದಲು ಸರಾಸರಿ ದಿನಗೂಲಿಯ ಕಾಲು ಭಾಗ ಇತ್ತು, 2020ರಲ್ಲಿ ಅರ್ಧಕ್ಕೆ ಏರಿಸಿದರು. ಕೆಲಸ ಹೋಗುವ ಮುಂಚೆ ಕನಿಷ್ಠ ಎರಡು ವರ್ಷ ಇಎಸ್‌ಐನಲ್ಲಿ ಇದ್ದಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಹೀಗೆ ಆರಾರು ತಿಂಗಳ ಅವಧಿ ಲೆಕ್ಕಕ್ಕೆ ಹಿಡಿಯುತ್ತಾರೆ. ಕೆಲಸ ಹೋಗುವುದಕ್ಕೆ ಹಿಂದಿನ ಅವಧಿಯಲ್ಲಿ 78 ದಿನ, ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಕಟ್ಟಿರಬೇಕು. ಕೆಲಸ ಹೋಗಿ 30 ದಿನ ಆದ ಮೇಲೆ ಅರ್ಜಿ ಹಾಕಬಹುದು. ದುರ್ನಡತೆ ಅಂತ ತೆಗೆದವರಿಗೆ, ಸ್ವಯಂನಿವೃತ್ತಿ ತಗೊಂಡವರಿಗೆ ಸಿಗುವುದಿಲ್ಲ. ಈ ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತಾ ಬಂದಿದ್ದಾರೆ. ಆದ್ದರಿಂದ ಅರ್ಜಿ ಹಾಕುವ ಮುಂಚೆ ನಿಮ್ಮ ಇಎಸ್‌ಐ ಬ್ರಾಂಚ್ ಆಫೀಸಿನಲ್ಲಿ ಒಂದು ಮಾತು ಕೇಳಿ, ಇಲ್ಲಾ 1800112526ಕ್ಕೆ ಫೋನ್ ಮಾಡಿ.

ಫ್ಯಾಕ್ಟರಿಯೇ ಮುಚ್ಚಿದ್ದರೆ ಅಥವಾ ಕಂಪನಿ ತೆಗೆದಿದ್ದರೆ ಇಎಸ್‌ಐನಲ್ಲೇ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಅಂತ ಇನ್ನೊಂದಿದೆ, 2005ರಿಂದ ನಡೆಯುತ್ತಿದೆ. ಅದರಲ್ಲಿ ಭತ್ಯೆ ಗರಿಷ್ಠ 24 ತಿಂಗಳು. ಹೊಸ ಕೆಲಸ ಕಲಿಯುವ ಫೀಸನ್ನೂ ಇಎಸ್‌ಐ ಭರಿಸುವ ಅವಕಾಶ ಅದರಲ್ಲಿದೆ. ಬ್ರಾಂಚ್‌ಗೆ ಹೋದಾಗ ಎರಡೂ ಹೆಸರು ಹೇಳಿ, ಯಾವುದು ನಿಮಗೆ ಅನುಕೂಲ ಅಂತ ಕೇಳಿ.

ಕೆಲಸ ಎಲ್ಲಿದೆ ಅಂತ ಮೊದಲು ನೋಡಿ

ಎರಡು ಕಡೆ ಹೆಸರು ನೋಂದಾಯಿಸಿ, ಎರಡೂ ಉಚಿತ. ಕೇಂದ್ರದ್ದು ನ್ಯಾಷನಲ್ ಕೆರಿಯರ್ ಸರ್ವಿಸ್, ಸಹಾಯವಾಣಿ 1514. ನಮ್ಮ ರಾಜ್ಯದ್ದು ಕೌಶಲ್ಕರ್ ಪೋರ್ಟಲ್‌ನ ಸ್ಕಿಲ್ ಕನೆಕ್ಟ್. ನೋಂದಾಯಿಸಿ ಸುಮ್ನೆ ಕೂತರೆ ಫೋನ್ ಬರುತ್ತದೆ ಅಂತ ಕಾಯಬೇಡಿ. ಅಲ್ಲಿ ಬಂದಿರುವ ಜಾಹೀರಾತು ಓದೋದೇ ದೊಡ್ಡ ಉಪಯೋಗ. ನಿಮ್ಮ ಮನೆಯಿಂದ ಒಂದು ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಯಾವ ಕೆಲಸಕ್ಕೆ ಜನ ಕೇಳುತ್ತಿದ್ದಾರೆ, ಸಂಬಳ ಎಷ್ಟು ಹೇಳುತ್ತಿದ್ದಾರೆ, ಏನು ಬರಬೇಕು ಅಂತಿದ್ದಾರೆ, ಇದನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದ ನೇರ ಸಂದರ್ಶನಕ್ಕೂ ಹೋಗಿ, ಕೆಲಸ ಸಿಗದಿದ್ದರೂ ‘ನನಗೆ ಏನು ಬಂದಿದ್ದರೆ ತಗೋತಿದ್ರಿ ಸಾರ್?’ ಅಂತ ಕೇಳಿಕೊಂಡು ಬನ್ನಿ. ಆ ಉತ್ತರ ಯಾವ ಕೌನ್ಸೆಲಿಂಗ್‌ಗಿಂತಲೂ ಮೇಲು.

ಹಾಗೇ ಕೇಳುತ್ತಾ ಹೋದರೆ ಗೊತ್ತಾಗುತ್ತದೆ, ತುಂಬಾ ಜನಕ್ಕೆ ಪೂರಾ ಹೊಸ ಕೆಲಸ ಬೇಕಿಲ್ಲ. ಹಳೆಯ ಲೇತ್ ಮೇಲೆ ಹತ್ತು ವರ್ಷ ಕೈ ಪಳಗಿದವರಿಗೆ ಡ್ರಾಯಿಂಗ್ ಓದೋದು ಬರುತ್ತದೆ, ಮೈಕ್ರೋಮೀಟರ್ ಹಿಡಿಯೋದು ಬರುತ್ತದೆ, ಬೇಕಿರೋದು ಸಿಎನ್‌ಸಿ, ಅಂದರೆ ಕಂಪ್ಯೂಟರ್‌ನಿಂದ ನಡೆಯುವ ಮೆಷಿನ್ನಿನ ಪ್ರೋಗ್ರಾಮ್ ಅಷ್ಟೇ. ಹೊಲಿಗೆ ಲೈನಿನಲ್ಲಿದ್ದವರಿಗೆ ಸ್ಯಾಂಪಲ್ ಟೇಲರಿಂಗ್ ಅಥವಾ ಕ್ವಾಲಿಟಿ ಚೆಕಿಂಗ್ ಹತ್ತಿರದ ದಾರಿ. ಬಂದ ಕೈಕೆಲಸವನ್ನು ಬಿಟ್ಟು ಮೊದಲಿಂದ ಡೇಟಾ ಎಂಟ್ರಿ ಕಲಿಯಲು ಹೋಗಬೇಡಿ, ಅದು ನಿಜವಾಗಿ ನಿಮಗೆ ಇಷ್ಟವಿದ್ದರೆ ಮಾತು ಬೇರೆ.

ಈಗ ತರಬೇತಿ

ಮೆಷಿನ್ ಕೆಲಸದವರು ಮೊದಲು ಜಿಟಿಟಿಸಿಯಲ್ಲಿ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ ವಿಚಾರಿಸಿ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆ, ಮುಖ್ಯ ಕೇಂದ್ರ ರಾಜಾಜಿನಗರ ಕೈಗಾರಿಕಾ ಪ್ರದೇಶದಲ್ಲಿದೆ, ಈಗ ಬೇರೆ ಜಿಲ್ಲೆಗಳಲ್ಲೂ ಇದೆ. ಫೀಸು ಕಟ್ಟಬೇಕಾದ ಕೋರ್ಸ್‌ಗಳೂ ಇವೆ, ಸರ್ಕಾರವೇ ಫೀಸು ಕೊಡುವ ಬ್ಯಾಚ್‌ಗಳೂ ಇರುತ್ತವೆ. ‘ಉಚಿತ ಬ್ಯಾಚ್ ಯಾವಾಗ?’ ಅಂತ ನೇರವಾಗಿ ಕೇಳಿ.

ಅನುಭವ ಇದ್ದು ಸರ್ಟಿಫಿಕೇಟ್ ಇಲ್ಲದವರಿಗೆ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಲ್ಲಿ ಆರ್‌ಪಿಎಲ್ ಅನ್ನೋ ದಾರಿ ಇದೆ. ತಿಂಗಳುಗಟ್ಟಲೆ ಕ್ಲಾಸು ಇರುವುದಿಲ್ಲ. ನಿಮಗೆ ಬರುವ ಕೆಲಸವನ್ನೇ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. ರಾಜ್ಯದ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆಯ ಬ್ಯಾಚ್‌ಗಳ ವಿವರ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ಸಿಗುತ್ತದೆ. ರಾಜ್ಯದ ನಿರುದ್ಯೋಗ ಭತ್ಯೆ ಯುವನಿಧಿಯ ಬಗ್ಗೆ ತುಂಬಾ ಜನ ಕೇಳುತ್ತಾರೆ, ಅದು 2022-23ರಿಂದ ಈಚೆಗೆ ಡಿಗ್ರಿ, ಡಿಪ್ಲೊಮಾ ಮುಗಿಸಿ ಕೆಲಸ ಸಿಗದವರಿಗೆ.

ಊರಿಗೆ ವಾಪಸ್ ಹೋಗಿ ಸ್ವಂತ ಕೆಲಸ ಮಾಡುವ ಯೋಚನೆ ಇದ್ದವರಿಗೆ ನನ್ನ ಸಲಹೆ ರುಡ್‌ಸೆಟ್, ಅಂದರೆ ಹಳ್ಳಿಯವರಿಗೆ ಸ್ವಂತ ಉದ್ಯೋಗ ಕಲಿಸುವ ಸಂಸ್ಥೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಕಟ್ಟಿದ್ದು. ಇದನ್ನೇ ಮಾದರಿ ಮಾಡಿಕೊಂಡು ಕೇಂದ್ರ ಸರ್ಕಾರ ಬ್ಯಾಂಕ್‌ಗಳ ಮೂಲಕ ಜಿಲ್ಲೆಗೊಂದರಂತೆ ಆರ್‌ಸೆಟಿ ಅನ್ನೋ ಇದೇ ಥರದ ತರಬೇತಿ ಸಂಸ್ಥೆಗಳನ್ನು ತೆರೆಯಿಸಿತು. ಪೀಣ್ಯದವರಿಗೆ ಹತ್ತಿರದ ರುಡ್‌ಸೆಟ್ ನೆಲಮಂಗಲದ ಅರಿಶಿನಕುಂಟೆಯಲ್ಲಿದೆ. ಊಟ, ವಸತಿ, ತರಬೇತಿ ಎಲ್ಲ ಉಚಿತ. ಮೊಬೈಲ್ ರಿಪೇರಿ, ವೈರಿಂಗ್, ಬೈಕ್ ರಿಪೇರಿ, ಹೈನುಗಾರಿಕೆ, ಟೇಲರಿಂಗ್ ಹೀಗೆ ಹಲವು ಕೋರ್ಸ್. ವಯಸ್ಸು 18 ತುಂಬಿ 45ರೊಳಗಿದ್ದರೆ ತೊಂದರೆ ಇಲ್ಲ. ನನಗೆ ಇಷ್ಟವಾಗುವ ವಿಷಯ ಏನೆಂದರೆ ಇವರು ಕಲಿಸಿ ಕೈತೊಳೆದುಕೊಳ್ಳುವುದಿಲ್ಲ, ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕಿಸುತ್ತಾರೆ, ಎರಡು ವರ್ಷದವರೆಗೆ ನಿಮ್ಮ ಕೆಲಸ ಹೇಗೆ ನಡೆದಿದೆ ಅಂತ ವಿಚಾರಿಸುತ್ತಾರೆ.

ಸೇರುವ ದಿನ ಕೇಳಬೇಕಾದ್ದು

ಯಾವ ಕೇಂದ್ರವೇ ಆಗಲಿ, ಹೋದ ಬ್ಯಾಚ್‌ನಲ್ಲಿ ಕಲಿತವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ ಅಂತ ಕೇಳಿ, ಅವರಲ್ಲಿ ಇಬ್ಬರ ಜೊತೆ ಮಾತಾಡಿಸಿ ಅನ್ನಿ. ಒಳಗೆ ಹೋಗಿ ಮೆಷಿನ್ ನೋಡಿ. ಒಂದು ಮೆಷಿನ್ನಿಗೆ ಎಷ್ಟು ಜನ, ದಿನಕ್ಕೆ ಎಷ್ಟು ಗಂಟೆ ಕೈಗೆ ಸಿಗುತ್ತದೆ? ಬಸ್ ಚಾರ್ಜ್ ಕೊಡುತ್ತಾರಾ, ಹಾಜರಾತಿ ಎಷ್ಟಿರಬೇಕು? ಪರೀಕ್ಷೆ ಯಾರು ಮಾಡುತ್ತಾರೆ? ಉತ್ತರ ಕೊಡಲು ತಡಬಡಿಸುವ ಕಡೆ ಸೇರಬೇಡಿ, ಇನ್ನೊಂದು ಕೇಂದ್ರ ನೋಡಿ. ಚಿಕ್ಕ ಮಕ್ಕಳಿರುವ ಹೆಣ್ಣುಮಕ್ಕಳು ಬ್ಯಾಚ್ ಸಮಯವನ್ನು ಮೊದಲ ದಿನವೇ ಮಾತಾಡಿಕೊಳ್ಳಿ, ಅರ್ಧಕ್ಕೆ ಬಿಟ್ಟರೆ ಸರ್ಟಿಫಿಕೇಟ್ ಇಲ್ಲ.

ಉಚಿತ ಬ್ಯಾಚ್‌ಗೆ ಸೇರಿಸುತ್ತೇನೆ, ಕೆಲಸ ಕೊಡಿಸುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ, ನಿಮ್ಮ ಅಸಲಿ ಅಂಕಪಟ್ಟಿ ಕೊಟ್ಟು ಹೋಗಿ ಅಂದರೆ, ಕೊಡಬೇಡಿ. ಜೆರಾಕ್ಸ್ ಸಾಕು. ಹಾಗೆ ಕೇಳಿದವರ ಹೆಸರು, ದಿನ, ಮೊತ್ತ ಬರೆದಿಟ್ಟುಕೊಂಡು ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.