ತೆಗೆಯುವುದಕ್ಕಾಗಿ ಮತ್ತೆ ಹಾಕಬೇಕಾಯಿತು

ಗೋಣಿಕೊಪ್ಪಲಿನಲ್ಲಿ ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿ ಇಟ್ಟುಕೊಂಡಿರುವ ನನ್ನಲ್ಲಿಗೆ ಮಳೆಗಾಲದಲ್ಲಿ ಬರುವುದು ಹೆಚ್ಚಾಗಿ ವೋಲ್ಟೇಜ್ ಏರಿಳಿತಕ್ಕೆ ಸುಟ್ಟುಹೋದ ಅಡಾಪ್ಟರುಗಳು, ತೇವ ಹಿಡಿದ ಕೀಬೋರ್ಡುಗಳು, ಕಾಗದ ಎಳೆಯದ ಪ್ರಿಂಟರುಗಳು. ಕಳೆದ ಜುಲೈಯಲ್ಲಿ, ಕಕ್ಕಡ ಮಾಸದ ಜಡಿಮಳೆಯ ಒಂದು ಗುರುವಾರ, ಬಾಳೆಲೆ ಕಡೆಯ ಕಾಫಿ ತೋಟವೊಂದರ ಲೆಕ್ಕಪತ್ರ ನೋಡುವ ರೈಟರು ಗೊಬ್ಬರದ ಚೀಲದ ಒಳಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದ ಲ್ಯಾಪ್‌ಟಾಪಿನಲ್ಲಿ ಮಾತ್ರ ಹಾರ್ಡ್‌ವೇರಿನ ದೋಷ ಯಾವುದೂ ಇರಲಿಲ್ಲ. ಅದರಲ್ಲಿ ಇದ್ದದ್ದು ತೆಗೆದುಹಾಕಿದ ಸಾಫ್ಟ್‌ವೇರುಗಳು ಬಿಟ್ಟುಹೋದ ತೊಂದರೆ. ಅದನ್ನು ಸರಿಪಡಿಸಲು ನನಗೆ ಎರಡು ದಿನ ಹಿಡಿಯಿತು, ಅದರಲ್ಲಿ ಅರ್ಧ ದಿನ ನನ್ನದೇ ತಪ್ಪಿನಿಂದ ಹೋಯಿತು.

ಲ್ಯಾಪ್‌ಟಾಪ್ ಮೂರು ವರ್ಷ ಹಳೆಯದು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತೋಟದ ಮಾಲೀಕರ ಮಗ ಹೊಸದನ್ನು ಕೊಂಡಾಗ, ಇದಕ್ಕೆ ವಿಂಡೋಸ್ 11 ಅನ್ನು ಹೊಸದಾಗಿ ಹಾಕಿ, ತನ್ನದೇ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಮಾಡಿ, ತೋಟದ ಆಫೀಸಿಗೆ ಕೊಟ್ಟುಹೋಗಿದ್ದ. ಜೊತೆಗೆ 30 ದಿನದ ಟ್ರಯಲ್‌ನ ಒಂದು ಆಂಟಿವೈರಸ್, ಆಫೀಸ್ ಪ್ಯಾಕೇಜಿನ ಟ್ರಯಲ್, ಕನ್ನಡ ಟೈಪಿಂಗಿನ ಒಂದು ಟ್ರಯಲ್, ಹೀಗೆ ಮೂರನ್ನೂ ಹಾಕಿಟ್ಟಿದ್ದ. ಅವಧಿ ಮುಗಿದ ಮೇಲೆ ದಿನಕ್ಕೆ ಹತ್ತು ಸಲ "ಹಣ ಕಟ್ಟಿ" ಎಂದು ಕಿಟಕಿ ತೆರೆದುಕೊಳ್ಳತೊಡಗಿದಾಗ ರೈಟರು ಬೇಸತ್ತು, ಒಂದೇ ಮಧ್ಯಾಹ್ನ ಮೂರನ್ನೂ ಕಿತ್ತುಹಾಕಲು ಕೂತಿದ್ದರು. ಆಂಟಿವೈರಸ್ಸಿನ ಅನ್‌ಇನ್‌ಸ್ಟಾಲ್ ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಬ್ಯಾಟರಿಯಲ್ಲಿ ಜೀವವಿರಲಿಲ್ಲ, ಯಂತ್ರ ಅಲ್ಲಿಗೇ ಆರಿತು. ಮತ್ತೆ ಚಾಲೂ ಮಾಡಿದಾಗ ಆ್ಯಪ್‌ಗಳ ಪಟ್ಟಿಯಲ್ಲಿ ಅದರ ಹೆಸರು ಇತ್ತು, ಒತ್ತಿದರೆ ಫೈಲ್ ಸಿಗುತ್ತಿಲ್ಲ ಎಂಬ ಉತ್ತರ ಬರುತ್ತಿತ್ತು. ಆಗ ಅವರು ಪ್ರೋಗ್ರಾಂ ಫೈಲ್ಸ್ ಒಳಗಿದ್ದ ಅದರ ಫೋಲ್ಡರನ್ನೇ ಡಿಲೀಟ್ ಮಾಡಿಬಿಟ್ಟಿದ್ದರು.

"ಈಗ ನೆಟ್ ಉಂಟು ಸಾರ್, ಆದರೆ ಪೇಜ್ ಒಂದೂ ಓಪನ್ ಆಗೋದಿಲ್ಲ. ಚೆಕ್‌ರೋಲ್ ಫೈಲೂ ತೆರೀತಿಲ್ಲ. ಶನಿವಾರ ಬಟವಾಡೆ," ಎಂದರು.

ನಾನು ಮೊದಲು ಮಾಡಿದ ಕೆಲಸ, ಚೆಕ್‌ರೋಲ್, ಅಂದರೆ ಕೆಲಸಗಾರರ ಹೆಸರು ಮತ್ತು ಕೂಲಿಯ ಲೆಕ್ಕ, ಇದ್ದ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡದ್ದು. ಸಿಸ್ಟಂ ರಿಸ್ಟೋರ್ ಮೂಲಕ ಹಳೆಯ ಸ್ಥಿತಿಗೆ ಹೋಗಬಹುದೇ ಎಂದು ನೋಡಿದರೆ, ಆ ವ್ಯವಸ್ಥೆ ಚಾಲನೆಯಲ್ಲೇ ಇರಲಿಲ್ಲ. ಎಷ್ಟೋ ಯಂತ್ರಗಳಲ್ಲಿ ಅದನ್ನು ನಾವೇ ಆನ್ ಮಾಡಿಟ್ಟಿರಬೇಕಾಗುತ್ತದೆ ಎಂಬುದು ಬೇಕಾದಾಗಲೇ ನೆನಪಿಗೆ ಬರುತ್ತದೆ.

ನೆಟ್ಟಿನ ತೊಂದರೆಯಿಂದ ಆರಂಭಿಸಿದೆ. ಕಮಾಂಡ್ ಪ್ರಾಂಪ್ಟಿನಲ್ಲಿ, ಇನ್ನೊಂದು ಕಂಪ್ಯೂಟರಿಗೆ ಸಂಪರ್ಕ ಇದೆಯೇ ಎಂದು ನೋಡುವ ಪಿಂಗ್ ಕೊಟ್ಟರೆ ಉತ್ತರ ಸರಿಯಾಗಿ ಬರುತ್ತಿತ್ತು. ಅಂಕಿಯ ವಿಳಾಸಕ್ಕೂ ಬಂತು, ಹೆಸರಿನ ವಿಳಾಸಕ್ಕೂ ಬಂತು. ಅಂದರೆ ವೈಫೈ, ರೂಟರು, ಹೆಸರನ್ನು ಅಂಕಿಯ ವಿಳಾಸವಾಗಿಸುವ ಡಿಎನ್‌ಎಸ್ ಎಲ್ಲವೂ ನೆಟ್ಟಗಿವೆ, ಬ್ರೌಸರ್ ಕಳಿಸುವ ಮಾತನ್ನು ಮಾತ್ರ ನಡುದಾರಿಯಲ್ಲಿ ಯಾರೋ ತಡೆಯುತ್ತಿದ್ದಾರೆ ಎಂದಾಯಿತು. ಇಂಥ ಸಂದರ್ಭದಲ್ಲಿ ನಾನು ಮೊದಲು ಸಂಶಯಪಡುವುದು ಪ್ರಾಕ್ಸಿಯನ್ನು, ಏಕೆಂದರೆ ಕೆಲವು ಭದ್ರತಾ ಸಾಫ್ಟ್‌ವೇರುಗಳು ಬ್ರೌಸರಿನ ಸಂಚಾರವನ್ನೆಲ್ಲ 127.0.0.1 ಎಂಬ, ಅಂದರೆ ಯಂತ್ರದ ತನ್ನದೇ ವಿಳಾಸಕ್ಕೆ ತಿರುಗಿಸಿ, ಅಲ್ಲಿ ತಪಾಸಣೆ ಮಾಡಿ ಮುಂದಕ್ಕೆ ಬಿಡುತ್ತವೆ. ತಪಾಸಣೆ ಮಾಡುವವನು ಹೋಗಿ ಆ ಸೆಟ್ಟಿಂಗ್ ಉಳಿದರೆ ಪುಟಗಳು ತೆರೆಯುವುದಿಲ್ಲ. ಇಲ್ಲಿ ಪ್ರಾಕ್ಸಿ ಆಫ್ ಆಗಿಯೇ ಇತ್ತು. ಆದರೂ ವಿಂಡೋಸಿನ ನೆಟ್‌ವರ್ಕ್ ಹೊಂದಿಕೆಯನ್ನು ಮೂಲಸ್ಥಿತಿಗೆ ತರುವ ವಿನ್‌ಸಾಕ್ ರೀಸೆಟ್ ಕಮಾಂಡ್ ಕೊಟ್ಟು ಯಂತ್ರವನ್ನು ಒಮ್ಮೆ ಮರುಚಾಲನೆ ಮಾಡಿದೆ. ಫಲ ಕಾಣಲಿಲ್ಲ.

ಉತ್ತರ ಸಿಕ್ಕಿದ್ದು ಕಂಟ್ರೋಲ್ ಪ್ಯಾನೆಲ್ಲಿನ ಹಳೆಯ ನೆಟ್‌ವರ್ಕ್ ಕನೆಕ್ಷನ್ಸ್ ಪುಟದಲ್ಲಿ. ವೈಫೈ ಅಡಾಪ್ಟರಿನ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದರೆ, ಆ ಅಡಾಪ್ಟರು ಬಳಸುವ ಘಟಕಗಳ ಪಟ್ಟಿ ಬರುತ್ತದೆ. ಅದರಲ್ಲಿ ಮೈಕ್ರೋಸಾಫ್ಟಿನ ಮಾಮೂಲಿ ಹೆಸರುಗಳ ನಡುವೆ, ತೆಗೆದುಹಾಕಿದ್ದೇವೆಂದು ರೈಟರು ನಂಬಿದ್ದ ಆಂಟಿವೈರಸ್ಸಿನ ಫಿಲ್ಟರ್ ಡ್ರೈವರು ಟಿಕ್ ಗುರುತಿನೊಂದಿಗೆ ಕೂತಿತ್ತು. ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಇರುವುದು ನಾವು ಕಣ್ಣಿಂದ ನೋಡುವ ಭಾಗ ಮತ್ತು ಹಿನ್ನೆಲೆಯಲ್ಲಿ ಓಡುವ ಸರ್ವೀಸು. ಡ್ರೈವರುಗಳು ಇರುವುದು ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಂ32 ಎಂಬಲ್ಲಿ, ಅವುಗಳ ನೋಂದಣಿ ಇರುವುದು ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ. ರೈಟರು ಅಳಿಸಿದ್ದು ಮೊದಲನೆಯದನ್ನು ಮಾತ್ರ. ಡ್ರೈವರು ಎಂದಿನಂತೆ ಬ್ರೌಸರಿನ ಸಂಚಾರವನ್ನು ಹಿಡಿದು ತಪಾಸಣೆಗೆ ಕಳಿಸುತ್ತಿತ್ತು, ಕಳಿಸಿದ ಕಡೆ ಯಾರೂ ಇರಲಿಲ್ಲ. ಪಿಂಗ್ ಆ ತಪಾಸಣೆಗೆ ಒಳಪಡದ ಕಾರಣ ಸಲೀಸಾಗಿ ಹೋಗುತ್ತಿತ್ತು.

ಇದನ್ನು ವಿವರಿಸಿದಾಗ ರೈಟರು, "ಬೋರರ್ ಬಿದ್ದ ಗಿಡ ಬುಡ ಬಿಟ್ಟು ಕಡಿದ ಹಾಗೆ ಮಾಡಿದ್ದೇನೆ ಅಲ್ವಾ ಸಾರ್" ಎಂದರು. ಅರೇಬಿಕಾ ಬೆಳೆಯುವವರಿಗೆ ಬಿಳಿ ಕಾಂಡಕೊರಕದ ಕಾಟ ಗೊತ್ತಿರುತ್ತದೆ: ಗಿಡವನ್ನು ಬೇರುಸಹಿತ ಕಿತ್ತು ಸುಡದೆ ಹೋದರೆ ಒಳಗಿನ ಹುಳ ಬೆಳೆದು ಹೊರಬಂದು ಪಕ್ಕದ ಗಿಡಕ್ಕೆ ಹೋಗುತ್ತದೆ. ನನ್ನ ವಿವರಣೆಗಿಂತ ಅವರದ್ದೇ ಚೆನ್ನಾಗಿತ್ತು.

ಟಿಕ್ ತೆಗೆದ ಕೂಡಲೇ ಪುಟಗಳು ತೆರೆದುಕೊಂಡವು. ಯಂತ್ರವನ್ನು ಅಷ್ಟಕ್ಕೇ ವಾಪಸು ಕೊಟ್ಟುಬಿಡಬಹುದಿತ್ತು, ಆದರೆ ಆ ಟಿಕ್ ಒಂದೊಂದು ಅಡಾಪ್ಟರಿಗೂ ಬೇರೆಬೇರೆ ಇರುತ್ತದೆ. ಮಳೆಗೆ ಮರ ಬಿದ್ದು ತೋಟದ ಲೈನ್ ಹೋದ ದಿನ ಅವರು ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ ನೆಟ್ ಬಳಸುತ್ತಾರೆ. ಫೋನ್ ಜೋಡಿಸಿದೊಡನೆ ವಿಂಡೋಸ್ ಅದನ್ನು ಹೊಸ ಅಡಾಪ್ಟರೆಂದು ಎಣಿಸಿ, ಫಿಲ್ಟರನ್ನು ಅದಕ್ಕೂ ಕಟ್ಟುತ್ತದೆ. ನನ್ನ ಫೋನನ್ನೇ ಜೋಡಿಸಿ ನೋಡಿದೆ, ಹಾಗೆಯೇ ಆಯಿತು. ಪಟ್ಟಿಯಲ್ಲಿದ್ದ ಅನ್‌ಇನ್‌ಸ್ಟಾಲ್ ಗುಂಡಿಯೂ ಕೆಲಸ ಮಾಡಲಿಲ್ಲ.

ಇದಲ್ಲದೆ ವಿಂಡೋಸ್ ಸೆಕ್ಯುರಿಟಿ ತೆರೆದು ನೋಡಿದರೆ, ವಿಂಡೋಸಿನ ಸ್ವಂತ ಆಂಟಿವೈರಸ್ ಆದ ಡಿಫೆಂಡರ್ ಆಫ್ ಆಗಿತ್ತು. ಬೇರೊಂದು ಆಂಟಿವೈರಸ್ ತನ್ನನ್ನು ನೋಂದಾಯಿಸಿಕೊಂಡಾಗ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ, ಆ ನೋಂದಣಿ ಸರಿಯಾಗಿ ರದ್ದಾದರೆ ತಾನಾಗಿ ಮುಂದೆ ಬರುತ್ತದೆ. ಇಲ್ಲಿ ರದ್ದು ಮಾಡಬೇಕಾದ ಅನ್‌ಇನ್‌ಸ್ಟಾಲರೇ ಅರ್ಧದಲ್ಲಿ ಸತ್ತಿದ್ದರಿಂದ ಯಂತ್ರಕ್ಕೆ ಎಷ್ಟೋ ದಿನಗಳಿಂದ ಯಾವ ಕಾವಲೂ ಇರಲಿಲ್ಲ. ಪುಟ ತೆರೆಯದಿದ್ದರೆ ಯಾರಾದರೂ ಅಂಗಡಿಗೆ ಬರುತ್ತಾರೆ, ಕಾವಲು ಇಲ್ಲದಿರುವುದು ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ. ಆದ್ದರಿಂದ ಎರಡನೆಯದೇ ದೊಡ್ಡ ದೋಷವೆಂದು ನನ್ನ ಎಣಿಕೆ.

ರಿಜಿಸ್ಟ್ರಿಯನ್ನು ಶುಚಿಗೊಳಿಸುತ್ತೇವೆಂದು ಹೇಳುವ ಪುಕ್ಕಟೆ ಸಾಫ್ಟ್‌ವೇರುಗಳನ್ನು ನಾನು ಇಂಥಲ್ಲಿ ಮುಟ್ಟುವುದಿಲ್ಲ. ಅವು ಏನನ್ನು ಅಳಿಸಿದವು ಎಂಬುದನ್ನು ಆಮೇಲೆ ಹುಡುಕಿಕೊಂಡು ಹೋಗುವುದು ಮೂಲ ರೋಗಕ್ಕಿಂತ ಕಷ್ಟ. ಎಲ್ಲವನ್ನೂ ಫಾರ್ಮ್ಯಾಟ್ ಮಾಡಿಬಿಡುವುದು ಅಂಗಡಿಯವರಿಗೆ ಸುಲಭದ ದಾರಿ ನಿಜ, ಆದರೆ ಗಿರಾಕಿ ಮನೆಗೆ ಹೋದ ಮೇಲೆ ಪ್ರಿಂಟರು, ಡಿಜಿಟಲ್ ಸಹಿ, ಬ್ಯಾಂಕಿನದ್ದು ಎಂದು ವಾರಗಟ್ಟಲೆ ಫೋನ್ ಬರುತ್ತಿರುತ್ತದೆ. ನಾನು ಹಿಡಿದ ದಾರಿ ಕೇಳುವವರಿಗೆ ತಲೆಕೆಳಗೆಂದು ತೋರಬಹುದು. ಅದೇ ಆಂಟಿವೈರಸ್ಸಿನ ಪೂರ್ಣ ಇನ್‌ಸ್ಟಾಲರನ್ನು, ಸಾಧ್ಯವಾದಷ್ಟು ಅದೇ ಆವೃತ್ತಿಯದನ್ನು, ತಯಾರಕರ ತಾಣದಿಂದ ಅಂಗಡಿಯ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಲ್ಯಾಪ್‌ಟಾಪಿಗೆ ಮತ್ತೆ ಹಾಕಿದೆ. ಅವಧಿ ಮುಗಿದಿದೆ ಎಂದು ಅದು ಗೊಣಗಿದರೂ ಇನ್‌ಸ್ಟಾಲ್ ಆಗುವುದಕ್ಕೆ ತಕರಾರು ಮಾಡಲಿಲ್ಲ. ಅಳಿಸಿಹೋಗಿದ್ದ ಫೈಲುಗಳು, ಅನ್‌ಇನ್‌ಸ್ಟಾಲರೂ ಸೇರಿದಂತೆ, ತಮ್ಮ ತಮ್ಮ ಜಾಗಕ್ಕೆ ಬಂದವು. ಯಂತ್ರವನ್ನು ಮರುಚಾಲನೆ ಮಾಡಿ, ಚಾರ್ಜರ್ ಯುಪಿಎಸ್ಸಿಗೆ ಜೋಡಿಸಿದೆಯೇ ಎಂದು ಎರಡು ಸಲ ನೋಡಿಕೊಂಡು, ಆ್ಯಪ್‌ಗಳ ಪಟ್ಟಿಯಿಂದ ಕ್ರಮವಾಗಿ ಅನ್‌ಇನ್‌ಸ್ಟಾಲ್ ಮಾಡಿದೆ. ಮುಂದೆ ಬೇಕಾದರೆ ಸೆಟ್ಟಿಂಗುಗಳನ್ನು ಉಳಿಸಿಕೊಳ್ಳಲೇ ಎಂದು ಕೇಳುವ ಚೌಕದ ಟಿಕ್ಕನ್ನು ತೆಗೆಯಲು ಮರೆಯಲಿಲ್ಲ.

ಇಷ್ಟಾದ ಮೇಲೆ ಉಳಿಕೆಗಳನ್ನು ಗುಡಿಸಲು ತಯಾರಕರೇ ಕೊಡುವ ಪ್ರತ್ಯೇಕ ರಿಮೂವಲ್ ಟೂಲ್ ಇರುತ್ತದೆ. ಅದನ್ನು ಸೇಫ್ ಮೋಡಿನಲ್ಲಿ, ಅಂದರೆ ವಿಂಡೋಸ್ ತೀರಾ ಅಗತ್ಯದ ಭಾಗಗಳಿಂದ ಮಾತ್ರ ಚಾಲೂ ಆಗುವ ಸ್ಥಿತಿಯಲ್ಲಿ, ಓಡಿಸುವುದು ಒಳ್ಳೆಯದು, ಏಕೆಂದರೆ ಅಲ್ಲಿ ಹೊರಗಿನವರ ಡ್ರೈವರುಗಳು ಸಾಮಾನ್ಯವಾಗಿ ಲೋಡ್ ಆಗುವುದಿಲ್ಲ, ಬಳಕೆಯಲ್ಲಿಲ್ಲದ ಫೈಲನ್ನು ಅಳಿಸುವುದು ಸುಲಭ. ನಾನು ತಪ್ಪಿದ್ದು ಇಲ್ಲಿಯೇ. ಹಳೆಯ ಅಭ್ಯಾಸಬಲದಿಂದ, ವಿಂಡೋಸ್ ಚಾಲೂ ಆಗುವ ಬಗೆಯನ್ನು ಹೊಂದಿಸುವ ಎಂಎಸ್‌ಕಾನ್ಫಿಗ್ ತೆರೆದು, ಬೂಟ್ ಪುಟದಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿ, ಮರುಚಾಲನೆ ಮಾಡಿದೆ. ನೀಲಿ ಪರದೆಯಲ್ಲಿ ಬಿಟ್‌ಲಾಕರ್ ರಿಕವರಿ ಕೀ ಕೇಳಿತು.

ವಿಂಡೋಸ್ 11 ಇರುವ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಮಾಡಿದ ಕೂಡಲೇ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬೀಳುತ್ತದೆ. ಆ ಬೀಗವೇ ಬಿಟ್‌ಲಾಕರ್. ಬೂಟ್ ಆಗುವ ಬಗೆಯನ್ನು ಬದಲಿಸಿದರೆ ಅದು ಅನುಮಾನಪಟ್ಟು ಕೀ ಕೇಳುತ್ತದೆ. ಎಂಎಸ್‌ಕಾನ್ಫಿಗ್‌ನಲ್ಲಿ ಹಾಕಿದ ಟಿಕ್ ಪ್ರತಿ ಬೂಟ್‌ಗೂ ಅನ್ವಯಿಸುವುದರಿಂದ ಆರಿಸಿ ಹಚ್ಚಿದರೂ ಅದೇ ನೀಲಿ ಪರದೆ. ಕೀ ಇಲ್ಲದೆ ಒಳಗೆ ಹೋಗಿ ಟಿಕ್ ತೆಗೆಯುವಂತಿಲ್ಲ, ಟಿಕ್ ತೆಗೆಯದೆ ಮಾಮೂಲಿಯಾಗಿ ಒಳಗೆ ಹೋಗುವಂತಿಲ್ಲ. ಕೀ 48 ಅಂಕಿಗಳದ್ದು, ಅದು ಇರುವುದು ಲಾಗಿನ್ ಮಾಡಿದವರ ಖಾತೆಯಲ್ಲಿ, ಅಂದರೆ ಬೆಂಗಳೂರಿನಲ್ಲಿರುವ ಮಗನ ಬಳಿ. ಅವನಿಗೆ ಫೋನ್ ಮಾಡಿದರೆ ಮೀಟಿಂಗಿನಲ್ಲಿದ್ದೇನೆಂಬ ಸಂದೇಶ ಬಂತು. ರೈಟರು ಕೊನೆಯ ಬಸ್ಸಿಗೆ ಹೊರಟುಹೋದರು. ಸಂಜೆ ಆರೂವರೆಗೆ ಅವನೇ ಫೋನ್ ಮಾಡಿದ.

"ಅಂಕಲ್, ನನ್ನ ಅಕೌಂಟಲ್ಲಿ ಮೂರು ಕೀ ಕಾಣಿಸ್ತಾ ಇದೆ. ಯಾವುದು ಕೊಡ್ಲಿ?"

ನೀಲಿ ಪರದೆಯ ಮೇಲೆ ಕೀ ಐಡಿ ಎಂದು ಒಂದು ಉದ್ದದ ಸಂಖ್ಯೆ ಇರುತ್ತದೆ. ಅದರ ಮೊದಲ ಎಂಟು ಅಕ್ಷರಗಳನ್ನು ಓದಿ ಹೇಳಿದೆ, ಅವನು ಹೊಂದಿಸಿ ನೋಡಿ ಎರಡನೆಯದನ್ನು ಕಳಿಸಿದ. ಆರಾರು ಅಂಕಿಗಳ ಎಂಟು ಗುಂಪುಗಳು. ಝೆರಾಕ್ಸ್ ಕಾಗದದ ಹಿಂಬದಿಯಲ್ಲಿ ದೊಡ್ಡದಾಗಿ ಬರೆದುಕೊಂಡು, ಒಂದೊಂದೇ ಗುಂಪಿನ ಮೇಲೆ ಬೆರಳಿಟ್ಟು ಟೈಪ್ ಮಾಡಿದೆ, ಯಂತ್ರ ತೆರೆದುಕೊಂಡಿತು. ಯಂತ್ರ ಮಾಮೂಲಿಯಾಗಿ ಚಾಲೂ ಇದ್ದಾಗಲೇ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ಮ್ಯಾನೇಜ್-ಬಿಡಿಇ ಎಂಬ ಕಮಾಂಡಿನಿಂದ ಈ ಕೀಯನ್ನು ಪರದೆಗೆ ತರಿಸಿ ಬರೆದುಕೊಳ್ಳಬಹುದಿತ್ತು. ಒಂದು ನಿಮಿಷದ ಕೆಲಸ. ಆ ಮೇಲೆ ಸೇಫ್ ಮೋಡಿಗೆ ಕಳಿಸುವ ಯಾವ ಯಂತ್ರಕ್ಕೂ ನಾನು ಇದನ್ನು ಮೊದಲು ಮಾಡುತ್ತೇನೆ.

ಸೇಫ್ ಮೋಡಿನಲ್ಲಿ ರಿಮೂವಲ್ ಟೂಲ್ ಓಡಿತು, ಎಂಎಸ್‌ಕಾನ್ಫಿಗ್‌ನ ಟಿಕ್ ತೆಗೆದು ಹೊರಬಂದೆ. ಅಡಾಪ್ಟರಿನ ಪಟ್ಟಿಯಲ್ಲಿ ಫಿಲ್ಟರ್ ಇರಲಿಲ್ಲ. ಫೋನ್ ಜೋಡಿಸಿ ನೋಡಿದಾಗಲೂ ಇರಲಿಲ್ಲ. ವಿಂಡೋಸ್ ಸೆಕ್ಯುರಿಟಿಯಲ್ಲಿ ಡಿಫೆಂಡರ್ ತಾನಾಗಿ ಆನ್ ಆಗಿತ್ತು, ಅದಕ್ಕೆ ಹೊಸ ವೈರಸ್ ಪಟ್ಟಿಯನ್ನು ಇಳಿಸಿ ರಾತ್ರಿಯಿಡೀ ಪೂರ್ಣ ಸ್ಕ್ಯಾನಿಗೆ ಬಿಟ್ಟೆ. ಬೆಳಿಗ್ಗೆ ನೋಡಿದರೆ ಏನೂ ಸಿಕ್ಕಿರಲಿಲ್ಲ. ವಿಂಡೋಸಿನ ಮೂಲ ಫೈಲುಗಳನ್ನು ಪರೀಕ್ಷಿಸುವ ಎಸ್‌ಎಫ್‌ಸಿ ಸ್ಕ್ಯಾನನ್ನೂ ಓಡಿಸಿದೆ, ಅದೂ ದೋಷವಿಲ್ಲವೆಂದಿತು. ಮನಸ್ಸಿನ ಸಮಾಧಾನಕ್ಕೆ ಮಾಡಿದ ಕೆಲಸವದು, ಇಲ್ಲಿ ಅದರ ಅಗತ್ಯವಿರಲಿಲ್ಲ.

ಇನ್ನುಳಿದದ್ದು ಚೆಕ್‌ರೋಲ್. ಆಫೀಸ್ ಪ್ಯಾಕೇಜಿನ ಟ್ರಯಲ್ ಮಾತ್ರ ಪೂರ್ತಿಯಾಗಿ, ಕ್ರಮವಾಗಿಯೇ ಹೋಗಿತ್ತು, ಆದ್ದರಿಂದ ಎಕ್ಸೆಲ್ ಫೈಲುಗಳನ್ನು ತೆರೆಯಲು ಯಂತ್ರದಲ್ಲಿ ಯಾರೂ ಉಳಿದಿರಲಿಲ್ಲ, ಅವುಗಳ ಚಿಹ್ನೆಗಳೆಲ್ಲ ಬಿಳಿ ಹಾಳೆಗಳಾಗಿದ್ದವು. ತೆಗೆಯದೆ ಬಿಟ್ಟಿದ್ದರೆ ತಿದ್ದಲು ಬಿಡದಿದ್ದರೂ ತೆರೆದು ನೋಡಲು, ಪ್ರಿಂಟ್ ತೆಗೆಯಲು ಬಿಡುತ್ತಿತ್ತು. ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಹಾಕಿ, ಎಕ್ಸೆಲ್ ಫೈಲುಗಳು ಅದರಲ್ಲೇ ತೆರೆಯುವಂತೆ ಡೀಫಾಲ್ಟ್ ಆ್ಯಪ್ಸ್‌ನಲ್ಲಿ ಹೊಂದಿಸಿದೆ. ಫೈಲು ತೆರೆಯಿತು, ಕೂಲಿಯ ಲೆಕ್ಕವೂ ಸರಿಯಾಗಿತ್ತು, ಆದರೆ ಹೆಸರಿನ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಕೊಂಬು ಟೋಪಿ ಹಾಕಿಕೊಂಡ ರೋಮನ್ ಅಕ್ಷರಗಳು. ಹಳೆಯ ಬಗೆಯ ಕನ್ನಡ ಫಾಂಟುಗಳನ್ನು ಬಳಸಿದ್ದವರಿಗೆ ಈ ದೃಶ್ಯ ಹೊಸದಲ್ಲ. ಅಂಥ ಫೈಲಿನಲ್ಲಿ ಉಳಿದಿರುವುದು ನಿಜವಾಗಿ ರೋಮನ್ ಅಕ್ಷರಗಳ ಸಂಕೇತಗಳೇ, ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟು. ಟೈಪಿಂಗ್ ಟ್ರಯಲ್ ಹೋದಾಗ ತನ್ನ ಫಾಂಟುಗಳನ್ನೂ ಕೊಂಡೊಯ್ದಿತ್ತು. ನಮ್ಮ ಅದೃಷ್ಟಕ್ಕೆ ಅದು ಬಳಸಿದ್ದ ಸಂಕೇತ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ್ದೇ ಆಗಿತ್ತು. ಉಚಿತವಾದ ನುಡಿಯನ್ನು ಹಾಕಿ ಕಾಲಮ್ಮಿಗೆ ಅದರ ಫಾಂಟನ್ನು ಕೊಟ್ಟಾಗ ಹೆಸರುಗಳು ಒಂದೊಂದಾಗಿ ಮರಳಿದವು. ಮತ್ತೆ ಇದೇ ಕಥೆಯಾಗಬಾರದೆಂದು ಅದರ ಪರಿವರ್ತಕದಿಂದ ಎಲ್ಲವನ್ನೂ ಯುನಿಕೋಡಿಗೆ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಪದ್ಧತಿಗೆ, ಬದಲಿಸಿದೆ, ಅದನ್ನು ತೋರಿಸಲು ವಿಂಡೋಸಿನಲ್ಲೇ ಇರುವ ನಿರ್ಮಲಾ ಯುಐ ಫಾಂಟ್ ಸಾಕು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಬರುವ ಕಡೆ ಕೆಲವೊಮ್ಮೆ ಎಡವಟ್ಟಾಗುತ್ತದೆ. ಮೂರು ಹೆಸರುಗಳನ್ನು ಕೈಯಿಂದ ತಿದ್ದಬೇಕಾಯಿತು. ಬಟವಾಡೆಯ ಹಾಳೆಯಲ್ಲಿ ಹೆಸರು ತಪ್ಪಿದರೆ ಸಹಿ ಹಾಕುವಾಗ ಜಗಳವಾಗುತ್ತದೆಂದು ರೈಟರು ಮೊದಲೇ ಎಚ್ಚರಿಸಿದ್ದರು.

ಶುಕ್ರವಾರ ಮಧ್ಯಾಹ್ನ ಅವರು ಬಂದಾಗ 48 ಅಂಕಿಗಳ ಆ ಕಾಗದವನ್ನು ಕೊಟ್ಟು, ಆಫೀಸಿನ ಕಪಾಟಿನಲ್ಲಿ ಇಡುವಂತೆಯೂ ಲ್ಯಾಪ್‌ಟಾಪಿನ ಚೀಲದಲ್ಲಿ ಮಾತ್ರ ಇಡಬಾರದೆಂದೂ ಹೇಳಿದೆ. ಅವರು ಅದನ್ನು ಮಡಚಿ ಅಂಗಿಯ ಒಳಜೇಬಿಗೆ ಸೇರಿಸಿ, ಹೊರಡುವ ಮುನ್ನ ನಿಂತರು.

"ಇನ್ನೊಂದು ಟ್ರಯಲ್ ಉಂಟು ಸಾರ್, ಪಿಡಿಎಫ್‌ದು. ಇನ್ನೂ ಒಂಬತ್ತು ದಿನ ಬಾಕಿ. ಮುಗಿದ ಮೇಲೆ ತೆಗೀಲಾ?"

"ಈಗಲೇ ತೆಗೆಯುವ, ಕರೆಂಟ್ ಉಂಟಲ್ಲ," ಎಂದು ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ಕಿನಿಂದ ಮತ್ತೆ ಹೊರತೆಗೆದೆ. ಚಾರ್ಜರ್ ಹಾಕಿ, ಅನ್‌ಇನ್‌ಸ್ಟಾಲ್ ಒತ್ತಿ, ಮರುಚಾಲನೆ ಮಾಡಿ, ಅವರದ್ದೇ ಒಂದು ಪಿಡಿಎಫ್ ಬಿಲ್ಲು ಬ್ರೌಸರಿನಲ್ಲಿ ತೆರೆಯುತ್ತದೆಂದು ತೋರಿಸುವಷ್ಟರಲ್ಲಿ ಬಾಳೆಲೆಯ ಬಸ್ಸು ಹಾರ್ನ್ ಹಾಕುತ್ತಿತ್ತು.